ಜಡಿಮಳೆಯಲ್ಲಿ ‘ಪ್ರಿಸನರ್ಸ್’

ಮಡಿಕೇರಿಯಲ್ಲಿ ಜಡಿಮಳೆ ಹಿಡಿದು ಮಧ್ಯಾಹ್ನವೇ ಕತ್ತಲಾಗುವ ದಿನಗಳಿಗೆ ಹೇಳಿ ಮಾಡಿಸಿದ ಸಿನಿಮಾ ಡೆನಿ ವಿಲ್ನೆವ್ ನಿರ್ದೇಶನದ ‘ಪ್ರಿಸನರ್ಸ್’ (2013). ಉದ್ದ 153 ನಿಮಿಷ. ಯುಪಿಎಸ್ ಬ್ಯಾಟರಿ ನೋಡಿಕೊಂಡು ಕೂರಿ.

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಎರಡು ಮನೆಯ ಹೆಣ್ಣುಮಕ್ಕಳು ಕಾಣೆಯಾಗುತ್ತಾರೆ. ಆ ಹಬ್ಬವನ್ನು ಕೊಡಗಿನವರಿಗೆ ವಿವರಿಸಬೇಕಿಲ್ಲ, ನಮ್ಮ ಸುಗ್ಗಿ ಹಬ್ಬ ಹುತ್ತರಿಯೇ ಇದೆ: ನೆಂಟರಿಷ್ಟರೆಲ್ಲ ಸೇರಿದ್ದಾರೆ, ಮಕ್ಕಳು ಇಲ್ಲೇ ಎಲ್ಲೋ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ಸಾಕ್ಷ್ಯವಿಲ್ಲದೆ ಪೊಲೀಸರು ಶಂಕಿತನನ್ನು ಬಿಟ್ಟರೆ, ಒಬ್ಬ ಹುಡುಗಿಯ ಅಪ್ಪ ಕೆಲರ್ ಡೋವರ್ (ಹ್ಯೂ ಜಾಕ್‌ಮನ್) ಅವನನ್ನೇ ಎತ್ತಿಕೊಂಡು ಹೋಗಿ ಪಾಳುಮನೆಯಲ್ಲಿ ಕೂಡಿಹಾಕುತ್ತಾನೆ. ಅಲ್ಲಿಗೆ ಅಪಹರಣ ಎರಡಾಯಿತು. ಹಲಗೆ ಹೊಡೆದು ಮುಚ್ಚಿದ ಷವರ್, ಒಂದು ಸಣ್ಣ ಕಿಂಡಿ, ಕಿಂಡಿಯಲ್ಲಿ ಊದಿಕೊಂಡ ಒಂದು ಕಣ್ಣು. ಈ ಹಿಂಸೆ ಅತಿಯಾಯಿತು ಅಂತ ಕೆಲವು ವಿಮರ್ಶಕರು ಆಗ ಗೊಣಗಿದ್ದುಂಟು. ನನಗೆ ಹಾಗನಿಸುವುದಿಲ್ಲ, ನೋಡುವವರಿಗೆ ಅಸಹ್ಯವಾಗದಿದ್ದರೆ ಡೋವರ್ ಬರೀ ಹೀರೋ ಆಗಿಬಿಡುತ್ತಿದ್ದ. ಜೇಕ್ ಜಿಲೆನ್‌ಹಾಲ್‌ನ ಪತ್ತೇದಾರ ಲೋಕಿ ಪದೇಪದೇ ಕಣ್ಣು ಮಿಟುಕಿಸುವುದನ್ನು ಗಮನಿಸಿ. ಅವನ ಹಿನ್ನೆಲೆಯನ್ನು ಚಿತ್ರ ಹೆಚ್ಚು ಹೇಳುವುದಿಲ್ಲ, ಆ ಮಿಟುಕೇ ಸಾಕು.

ಸುಮಾರು 4.6 ಕೋಟಿ ಡಾಲರ್ ಖರ್ಚಿಗೆ 12 ಕೋಟಿಗೂ ಹೆಚ್ಚು ಬಂತು. ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ರೋಜರ್ ಡೀಕಿನ್ಸ್ ಛಾಯಾಗ್ರಹಣಕ್ಕೆ ಮಾತ್ರ.

ಕೊನೆ ಗೊತ್ತಾಗಬಾರದೆಂದರೆ ಇಲ್ಲಿಗೇ ನಿಲ್ಲಿಸಿ. ಹಿಮ ಬಿದ್ದ ರಾತ್ರಿ, ಸದ್ದಡಗಿದ ಅಂಗಳ, ನೆಲದಡಿಯಿಂದ ಕ್ಷೀಣವಾಗಿ ಒಂದು ಸೀಟಿ. ಲೋಕಿ ಕಿವಿಗೊಡುತ್ತಾನೆ. ಮತ್ತೆ ಸೀಟಿ. ಪರದೆ ಕಪ್ಪಾಗುತ್ತದೆ.