ಕೂಸಿನ ಗಾಡಿಯನ್ನು ಎತ್ತಿ ನೋಡಿ ಕೊಳ್ಳಿರಿ

ಮಗಳಿಗೆ ಏಳು ತಿಂಗಳು ತುಂಬಿದಾಗ ನಾವು ಕೊಂಡ ಮೊದಲ ಸ್ಟ್ರೋಲರ್ 11 ಕಿಲೋ ತೂಗುತ್ತಿತ್ತು. ಅಂಗಡಿಯ ನುಣುಪಾದ ಟೈಲ್ಸ್ ನೆಲದ ಮೇಲೆ ಅದು ಒಂದು ಬೆರಳು ತಾಗಿಸಿದರೂ ಸರಿದು ಹೋಗುತ್ತಿತ್ತು. ದಪ್ಪ ಮೆತ್ತೆ, ಅಗಲವಾದ ಆಸನ, ಎದುರಿಗೆ ಆಟಿಕೆ ಇಡುವ ತಟ್ಟೆ ಇವನ್ನೆಲ್ಲ ಮೆಚ್ಚಿ ಮನೆಗೆ ತಂದೆವು. ನಾವಿರುವ ಬಾಗಲಕೋಟೆಯ ನವನಗರದಲ್ಲಿ ಸೆಕ್ಟರ್ ರಸ್ತೆಗಳು ಅಗಲವಾಗಿರುವುದರಿಂದ ಸಂಜೆಯ ತಿರುಗಾಟಕ್ಕೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಎರಡು ತಿಂಗಳ ನಂತರ ನಾನೊಬ್ಬಳೇ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟಾಗ ಅದರ ತೂಕ ನನಗೆ ಸರಿಯಾಗಿ ತಿಳಿಯಿತು. ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾಗಲಕೋಟೆಯಲ್ಲಿ ನಿಲ್ಲುವುದು ಕೆಲವೇ ನಿಮಿಷ. ಬಗಲಲ್ಲಿ ಕೂಸು, ಹೆಗಲಿಗೆ ಬಟ್ಟೆ ಮತ್ತು ಹಾಲಿನ ಬಾಟಲಿಗಳ ಚೀಲ, ಎದುರಿಗೆ ಎರಡೂ ಕೈಗಳಿಲ್ಲದೆ ಮಡಚಲು ಬಾರದ ಗಾಡಿ. ಪರಿಚಯವಿಲ್ಲದ ಹಿರಿಯರೊಬ್ಬರು ಮಗಳನ್ನು ಎತ್ತಿಕೊಂಡಿದ್ದರಿಂದ ನಾನು ಅದನ್ನು ಮಡಚಿ ಬೋಗಿಯೊಳಗೆ ತಳ್ಳಲು ಸಾಧ್ಯವಾಯಿತು. ಕೆಳಗಿನ ಬರ್ತಿನ ಅಡಿಯಲ್ಲಿ ಅದು ಹಿಡಿಸಲಿಲ್ಲ. ರಾತ್ರಿಯೆಲ್ಲ ಬಾಗಿಲ ಹತ್ತಿರ, ಹೋಗಿಬರುವವರ ಕಾಲಿಗೆ ತೊಡರುತ್ತ ನಿಂತಿತ್ತು.

ಆ ರಾತ್ರಿಯಿಂದ ನಾನು ಈ ವಿಷಯವನ್ನು ಶ್ರದ್ಧೆಯಿಂದ ಓದಿದ್ದೇನೆ, ಸಿಕ್ಕ ಗಾಡಿಗಳನ್ನೆಲ್ಲ ಮಡಚಿ ಬಿಚ್ಚಿ ನೋಡಿದ್ದೇನೆ. ನನಗೆ ಖಚಿತವಾಗಿರುವುದು ಇಷ್ಟು: ನಮ್ಮ ಕಡೆ ಗಾಡಿಯನ್ನು ತಳ್ಳುವ ಜಾಗಕ್ಕಿಂತ ಎತ್ತಬೇಕಾದ ಜಾಗಗಳೇ ಹೆಚ್ಚು. ಮನೆಯ ಮೆಟ್ಟಿಲು, ಆಟೋ, ಬಸ್ಸಿನ ಬಾಗಿಲು, ತೆರೆದ ಗಟಾರದ ಮೇಲಿನ ಕಲ್ಲುಚಪ್ಪಡಿ, ಗುಡಿಯ ಹೊಸ್ತಿಲು, ಇವೆಲ್ಲ ಎತ್ತಿಯೇ ದಾಟಬೇಕಾದವು. ಎತ್ತುವವರು ಬಹುಪಾಲು ತಾಯಂದಿರು, ಅದೂ ಒಂದೇ ಕೈಯಲ್ಲಿ, ಏಕೆಂದರೆ ಇನ್ನೊಂದು ಕೈಯಲ್ಲಿ ಕೂಸು ಇರುತ್ತದೆ. ಆದ್ದರಿಂದ ಅಂಗಡಿಗೆ ಹೋದವರು ಮೊದಲು ಗಾಡಿಯನ್ನು ತಳ್ಳಿ ನೋಡದೆ, ಕೂಸನ್ನು ಬಗಲಲ್ಲಿ ಇಟ್ಟುಕೊಂಡೇ ಅದನ್ನು ಮಡಚಿ, ಎತ್ತಿ, ಹತ್ತು ಹೆಜ್ಜೆ ನಡೆದು ನೋಡಬೇಕು. ಅಂಗಡಿಯವರು ತಾವೇ ಮಡಚಿ ತೋರಿಸಲು ಮುಂದೆ ಬರುತ್ತಾರೆ, ಅವರಿಗೆ ಬಿಡಬಾರದು.

ಹಗುರ ಗಾಡಿಯ ಮೂಲವೂ ಇಂಥದೇ ಒಂದು ಪ್ರಯಾಣದಲ್ಲಿದೆ. ಇಂಗ್ಲೆಂಡಿನ ಓವೆನ್ ಮೆಕ್ಲಾರೆನ್ ವಿಮಾನಗಳ ವಿನ್ಯಾಸಕಾರರಾಗಿದ್ದರು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮಡಚಿಕೊಳ್ಳುವ ಚಕ್ರದ ಜೋಡಣೆಯ ಮೇಲೆ ಕೆಲಸ ಮಾಡಿದವರು. ಕೂಸಿನೊಂದಿಗೆ ಪ್ರಯಾಣ ಮಾಡುವ ಮಗಳು ಭಾರವಾದ ಪ್ರ್ಯಾಮ್‌ನೊಂದಿಗೆ ಪಡುತ್ತಿದ್ದ ಕಷ್ಟವನ್ನು ಕಂಡು, ಅಲ್ಯುಮಿನಿಯಂ ಕೊಳವೆಗಳಿಂದ ಛತ್ರಿಯಂತೆ ಮಡಚಿಕೊಳ್ಳುವ ಗಾಡಿಯೊಂದನ್ನು ರೂಪಿಸಿ 1965ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅದರ ತೂಕ ಮೂರು ಕಿಲೋಗಿಂತ ಕಡಿಮೆ ಇತ್ತು. ಇಂದು ಸಿಗುವ ಹಗುರ ಗಾಡಿಗಳು ಬಹುತೇಕ ಐದರಿಂದ ಏಳು ಕಿಲೋ ತೂಗುತ್ತವೆ, ಏಕೆಂದರೆ ಹಿಂದಕ್ಕೆ ಒರಗುವ ಆಸನ, ದೊಡ್ಡ ಕೊಡೆ, ಕೆಳಗಿನ ಬುಟ್ಟಿ ಇವೆಲ್ಲ ಸೇರಿಕೊಂಡಿವೆ. ಒಂದು ವರ್ಷದ ಕೂಸು ಸುಮಾರು ಒಂಬತ್ತು ಕಿಲೋ ಎಂದಿಟ್ಟುಕೊಂಡರೆ, ಆರು ಕಿಲೋ ಗಾಡಿಯೊಂದಿಗೆ ತಾಯಿ ಹೊರುವುದು ಹದಿನೈದು ಕಿಲೋ. ನಮ್ಮ ಮೊದಲ ಗಾಡಿಯಾದರೆ ಇಪ್ಪತ್ತು. ಇದಕ್ಕೆ ಚೀಲದ ಭಾರ ಬೇರೆ. ಪೆಟ್ಟಿಗೆಯ ಮೇಲೆ ಬರೆದ ತೂಕ ಕೆಲವೊಮ್ಮೆ ಕೊಡೆ ಮತ್ತು ಬುಟ್ಟಿಯನ್ನು ಬಿಟ್ಟು ಹೇಳಿದ್ದಾಗಿರುತ್ತದೆಯಾದ್ದರಿಂದ, ಸಾಧ್ಯವಿದ್ದರೆ ತಕ್ಕಡಿಯ ಮೇಲೆ ಇಟ್ಟೇ ನೋಡುವುದು ಒಳ್ಳೆಯದು.

ಮಡಚುವ ಬಗೆಯಲ್ಲಿ ಎರಡು ಮುಖ್ಯ ಜಾತಿಗಳಿವೆ. ಛತ್ರಿಯಂತೆ ಮಡಚುವ ಗಾಡಿ ತೆಳ್ಳಗೆ, ಉದ್ದವಾಗಿ ಕೋಲಿನ ಕಟ್ಟಿನಂತಾಗುತ್ತದೆ; ರೈಲಿನ ಬರ್ತಿನ ಅಡಿ ಸುಲಭವಾಗಿ ಸರಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಸಿಎನ್‌ಜಿ ಸಿಲಿಂಡರ್ ಇರುವ ಸಣ್ಣ ಕಾರಿನ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ, ಆಟೋದಲ್ಲಿ ಕಾಲಿನ ಮೇಲೆ ಅಡ್ಡ ಇಟ್ಟುಕೊಳ್ಳಬೇಕಾಗುತ್ತದೆ. ಇನ್ನೊಂದು ಮೂರು ಮಡಿಕೆಯಾಗಿ ಚೌಕವಾದ ಕಟ್ಟಿನಂತೆ ಕುಗ್ಗುವ ಗಾಡಿ. ಬೇಬಿಜೆನ್ ಕಂಪನಿಯ ಯೋಯೋ ಈ ಬಗೆಯನ್ನು ಜನಪ್ರಿಯಗೊಳಿಸಿತು. ಮಡಚಿದಾಗ ಅದರ ಅಳತೆ 52×44×18 ಸೆಂಟಿಮೀಟರ್. ಇದೇ ಬಗೆಯ, ಇದಕ್ಕಿಂತ ಬಹಳ ಕಡಿಮೆ ಬೆಲೆಯ ಗಾಡಿಗಳನ್ನು ಈಗ ನಮ್ಮ ದೇಶದ ಕಂಪನಿಗಳೂ ಮಾರುತ್ತಿವೆ. ಇನ್ನೂ ಮುಂದೆ ಹೋಗಿ, ಜಿಬಿ ಪಾಕಿಟ್ ಎಂಬ ಗಾಡಿ 2014ರಲ್ಲಿ 30×18×35 ಸೆಂಟಿಮೀಟರ್‌ಗೆ ಮಡಚಿ ಗಿನ್ನೆಸ್ ದಾಖಲೆ ಮಾಡಿತು.

ಮಡಚಿದಷ್ಟೂ ಚಿಕ್ಕದಾಗುವ ಗಾಡಿಯೇ ಒಳ್ಳೆಯದು ಎಂದು ನಾನೂ ಕೆಲವು ದಿನ ನಂಬಿದ್ದೆ. ಪರಿಚಯದವರಿಂದ ಬಹಳ ಚಿಕ್ಕದಾಗಿ ಮಡಚುವ ಗಾಡಿಯೊಂದನ್ನು ಎರವಲು ತಂದು ಪಟ್ಟದಕಲ್ಲಿಗೆ ಒಯ್ದೆವು. ಗುಡಿಗಳ ನಡುವಿನ ಹುಲ್ಲುಹಾಸಿನ ಪಕ್ಕದ ಕಾಲುದಾರಿಯಲ್ಲಿ ಅದು ಹಾಯಾಗಿ ಉರುಳಿತು. ಆದರೆ ವಾಹನ ನಿಲ್ಲಿಸಿದ ಜಾಗದಲ್ಲಿ ಬಿದ್ದಿದ್ದ ಕಡ್ಲೆಕಾಳಿನಷ್ಟು ದಪ್ಪದ ಜಲ್ಲಿಕಲ್ಲೊಂದು ಮುಂದಿನ ಚಕ್ರಕ್ಕೆ ಅಡ್ಡ ಬಂದೊಡನೆ ಗಾಡಿ ಗಕ್ಕನೆ ನಿಂತು, ಮಗಳ ತಲೆ ಮುಂದಕ್ಕೆ ತೂಗಿತು. ಬೆಲ್ಟ್ ಹಾಕಿದ್ದೆ, ಅಪಾಯವಾಗಲಿಲ್ಲ. ಕೆಳಗೆ ಕುಳಿತು ನೋಡಿದಾಗ ಕಾರಣ ತಿಳಿಯಿತು: ಚಕ್ರ ನನ್ನ ಅಂಗೈಗಿಂತ ಚಿಕ್ಕದಾಗಿತ್ತು. ಚಕ್ರ ಚಿಕ್ಕದಾದಷ್ಟೂ ಅದು ಹತ್ತಿ ದಾಟಬಲ್ಲ ಕಲ್ಲೂ ಚಿಕ್ಕದಾಗುತ್ತದೆ; ದೊಡ್ಡ ಚಕ್ರ ಏರಿ ಹೋಗುವ ಕಲ್ಲಿಗೆ ಸಣ್ಣ ಚಕ್ರ ಡಿಕ್ಕಿ ಹೊಡೆಯುತ್ತದೆ. ಹಳೇ ಬಾಗಲಕೋಟೆಯ ವಲ್ಲಭಭಾಯಿ ಚೌಕದ ಸುತ್ತಿನ ಓಣಿಗಳಲ್ಲಿ ಆ ಗಾಡಿಯನ್ನು ಹಿಂದಿನ ಎರಡು ಚಕ್ರಗಳ ಮೇಲೆ ವಾಲಿಸಿಕೊಂಡು ಎಳೆದೇ ನಡೆಯಬೇಕಾಯಿತು. ಅಲ್ಲಿಂದ ನನ್ನ ಅಭಿಪ್ರಾಯ ಬದಲಾಯಿತು. ಮಡಚಿದಾಗ ಹತ್ತು ಸೆಂಟಿಮೀಟರ್ ಹೆಚ್ಚು ಜಾಗ ಹಿಡಿದರೂ ಚಿಂತೆಯಿಲ್ಲ. ಮುಂದಿನ ಚಕ್ರ ಸ್ವಲ್ಪ ದೊಡ್ಡದಾಗಿರಲಿ, ಅದರ ಮೇಲೆ ಸ್ಪ್ರಿಂಗ್ ಇರಲಿ, ಕೆಟ್ಟ ರಸ್ತೆಯಲ್ಲಿ ಅದು ಅತ್ತಿತ್ತ ತಿರುಗದಂತೆ ನೇರವಾಗಿ ನಿಲ್ಲಿಸುವ ಲಾಕ್ ಇರಲಿ.

ವಿಮಾನದ ಮಾತು ಚಿಕ್ಕದು. ಜಾಹೀರಾತುಗಳಲ್ಲಿ ‘ಕ್ಯಾಬಿನ್ ಸೈಜ್’ ಎಂಬ ಮಾತು ಬರುತ್ತದೆ. ಅದಕ್ಕೆ ಆಧಾರವಾಗಿರುವುದು ಹೆಚ್ಚಾಗಿ ಅಂತರರಾಷ್ಟ್ರೀಯ ಮಾರ್ಗಸೂಚಿಯ 56×45×25 ಸೆಂಟಿಮೀಟರ್ ಅಳತೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲದ ಮಿತಿ ಸಾಮಾನ್ಯವಾಗಿ 55×35×25, ತೂಕ 7 ಕಿಲೋ. 44 ಸೆಂಟಿಮೀಟರ್ ಅಗಲದ ಗಾಡಿ ಈ ಮಿತಿಯೊಳಗೆ ಬರುವುದಿಲ್ಲ. ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಿಗೆ ಬರುವ ಸಣ್ಣ ವಿಮಾನಗಳಲ್ಲಿ ತಲೆಯ ಮೇಲಿನ ಗೂಡುಗಳೂ ಚಿಕ್ಕವು. ಆದ್ದರಿಂದ ಆ ಮಾತನ್ನು ನಂಬಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ವಿಮಾನದ ಬಾಗಿಲವರೆಗೂ ಗಾಡಿಯನ್ನು ಒಯ್ಯಬಹುದೇ ಎಂದು ಟಿಕೆಟ್ ತೆಗೆಸುವಾಗಲೇ ಕೇಳಿಕೊಂಡು, ಒಂದು ಗಟ್ಟಿ ಚೀಲ ಹೊಲಿಸಿಟ್ಟುಕೊಂಡರೆ ಸಾಕು.

ಇನ್ನು ಕೂಸಿನ ಸುರಕ್ಷತೆಯ ವಿಷಯ. ಹಗುರ ಗಾಡಿಗಳಲ್ಲಿ ಅನೇಕವು ಆರು ತಿಂಗಳು ತುಂಬಿದ ಮಕ್ಕಳಿಗೆ ಮಾತ್ರ ತಕ್ಕವು. ಕುತ್ತಿಗೆ ಇನ್ನೂ ನಿಲ್ಲದ ಎಳೆ ಕೂಸನ್ನು ನೆಟ್ಟಗಿರುವ ಆಸನದಲ್ಲಿ ಕೂರಿಸಿದರೆ ತಲೆ ಎದೆಯ ಮೇಲೆ ಬಾಗಿ ಉಸಿರಾಟಕ್ಕೆ ತೊಂದರೆಯಾಗಬಹುದು. ಹುಟ್ಟಿದಾಗಿನಿಂದ ಬಳಸುವುದಾದರೆ ಆಸನ ಪೂರ್ತಿ ಚಪ್ಪಟೆಯಾಗಿ ಮಲಗಬೇಕು. ಬೆಲ್ಟ್ ಐದು ಕಡೆಯಿಂದ ಹಿಡಿಯುವಂತಿರಬೇಕು: ಎರಡು ಹೆಗಲು, ಎರಡು ಸೊಂಟ, ಒಂದು ಕಾಲುಗಳ ನಡುವೆ. ಸೊಂಟಕ್ಕೆ ಮಾತ್ರ ಇರುವ ಬೆಲ್ಟಿನಿಂದ ಮಕ್ಕಳು ಎದ್ದು ನಿಲ್ಲುತ್ತಾರೆ. ಯುರೋಪಿನ ಇಎನ್ 1888 ಮಾನದಂಡದ ಗುರುತು ಚೌಕಟ್ಟಿನ ಮೇಲೋ ಕೈಪಿಡಿಯಲ್ಲೋ ಇದೆಯೇ ಎಂದು ನಾನು ಹುಡುಕುತ್ತೇನೆ. ಬ್ರೇಕು, ಮಡಚುವ ಲಾಕು, ಪಲ್ಟಿಯಾಗದ ಸಮತೋಲನ ಇವನ್ನು ಅದರಲ್ಲಿ ಪರೀಕ್ಷಿಸುತ್ತಾರೆ.

ಬೆಲ್ಟಿನ ಬಗ್ಗೆ ನಮ್ಮ ಕಡೆಯವರು ಮಾತ್ರ ಗಮನಿಸಬೇಕಾದ ಒಂದು ಸಂಗತಿ ಇದೆ. ಚಳಿಗಾಲದಲ್ಲಿ ನಮ್ಮ ಅತ್ತೆಯವರು ಮೊಮ್ಮಗಳಿಗೆ ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ ಕಟ್ಟುತ್ತಾರೆ. ತಲೆಯಿಂದ ಬೆನ್ನಿನ ಮೇಲೆ ಇಳಿಬಿದ್ದ ಅದರ ಸೆರಗು ಕೂಸಿನ ಬೆನ್ನಿಗೂ ಆಸನಕ್ಕೂ ನಡುವೆ ಸಿಕ್ಕಿಕೊಂಡು ಮಡಿಕೆಯಾಗುತ್ತದೆ, ಖಣದ ನುಣುಪಿನಿಂದ ಹೆಗಲ ಬೆಲ್ಟ್ ಜಾರಿ ತೋಳಿಗೆ ಬರುತ್ತದೆ. ನಾನೀಗ ಕುಂಚಿಗೆಯ ಸೆರಗನ್ನು ಆಸನದ ಹಿಂದಕ್ಕೆ ಎತ್ತಿ ಹಾಕಿ, ಬೆಲ್ಟನ್ನು ಅಂಗಿಯ ಮೇಲೆಯೇ ಬಿಗಿದು, ಬೆಲ್ಟಿಗೂ ಎದೆಗೂ ನಡುವೆ ಎರಡು ಬೆರಳು ಮಾತ್ರ ಹೋಗುತ್ತವೆಯೇ ಎಂದು ನೋಡಿ, ಆಮೇಲೆ ಕುಂಚಿಗೆಯ ದಾರ ಸಡಿಲವಾಗಿ ಕಟ್ಟುತ್ತೇನೆ. ಅತ್ತೆಯವರು ಆರಂಭದಲ್ಲಿ “ಕೂಸನ್ನ ಬಗಲಾಗ ಎತ್ಕೊಂಡ್ರ ಆತಲ್ಲವಾ, ಈ ಗಾಡಿ ಯಾಕ ಬೇಕು?” ಎಂದು ಕೇಳುತ್ತಿದ್ದರು. ಅವರ ಮೊಣಕಾಲು ನೋವು ಹೆಚ್ಚಾದ ಮೇಲೆ ಗಾಡಿಯನ್ನು ಹೆಚ್ಚು ಬಳಸುವವರು ಅವರೇ ಆಗಿದ್ದಾರೆ, ಕುಂಚಿಗೆಯ ಈ ಕ್ರಮವನ್ನೂ ತಪ್ಪದೆ ಪಾಲಿಸುತ್ತಾರೆ.

ಚಿಕ್ಕದಾಗಿ ಮಡಚುವ ಗಾಡಿಗೆ ಕೀಲುಗಳು ಹೆಚ್ಚು, ಕೀಲು ಹೆಚ್ಚಾದಷ್ಟು ಬೆರಳು ಸಿಕ್ಕುವ ಜಾಗಗಳೂ ಹೆಚ್ಚು. 2009ರಲ್ಲಿ ಅಮೆರಿಕದಲ್ಲಿ ಮಕ್ಕಳ ಬೆರಳಿನ ತುದಿಗಳು ತುಂಡಾದ ಪ್ರಕರಣಗಳ ನಂತರ ಸುಮಾರು ಹತ್ತು ಲಕ್ಷ ಛತ್ರಿ ಗಾಡಿಗಳ ಕೀಲುಗಳಿಗೆ ಹೊದಿಕೆ ಕೊಡಬೇಕಾಗಿ ಬಂದಿತ್ತು. ಇದನ್ನು ಓದಿದ ದಿನದಿಂದ ಕೂಸು ಎಲ್ಲಿದೆ, ಅದರ ಕೈ ಎಲ್ಲಿದೆ ಎಂದು ನೋಡದೆ ನಾನು ಗಾಡಿಯನ್ನು ಬಿಚ್ಚುವುದೂ ಇಲ್ಲ, ಮಡಚುವುದೂ ಇಲ್ಲ. ಹಿಡಿಕೆಗೆ ತರಕಾರಿ ಚೀಲ ತೂಗುಹಾಕುವ ಅಭ್ಯಾಸವನ್ನೂ ಬಿಡಬೇಕು. ಹಗುರ ಗಾಡಿಯಿಂದ ಕೂಸನ್ನು ಎತ್ತಿಕೊಂಡ ಕ್ಷಣದಲ್ಲೇ ಅದು ಹಿಂದಕ್ಕೆ ಮಗುಚುತ್ತದೆ, ಕೂಸು ಒಳಗಿರುವಾಗಲೂ ಮಗುಚಬಹುದು.

ನಮ್ಮ ಬಿಸಿಲಿಗೆ ಬರುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆಯಲ್ಲಿ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಉಷ್ಣತೆ ಇರುತ್ತದೆ, ಕೂಸು ಕೂರುವ ಎತ್ತರ ನಮ್ಮ ಮೊಣಕಾಲಿನಷ್ಟೇ ಆದ್ದರಿಂದ ಡಾಂಬರಿನ ಕಾವು ನಮಗಿಂತ ಹೆಚ್ಚಾಗಿ ಅದಕ್ಕೆ ತಾಗುತ್ತದೆ. ಇಂಥ ಹೊತ್ತಿನಲ್ಲಿ ನೆರಳಿಗೆಂದು ಗಾಡಿಯ ಮೇಲೆ ಸೀರೆಯ ಸೆರಗನ್ನೋ ತೆಳು ಹೊದಿಕೆಯನ್ನೋ ಪೂರ್ತಿ ಇಳಿಬಿಡುವುದನ್ನು ನಾನು ದಿನವೂ ನೋಡುತ್ತೇನೆ, ನಾನೂ ಮಾಡಿದ್ದೇನೆ. ಹಾಗೆ ಮಾಡಬಾರದು. ಬಟ್ಟೆ ತೆಳುವಾಗಿದ್ದರೂ ಒಳಗೆ ಗಾಳಿಯ ಓಡಾಟ ನಿಂತು, ಕೂಸಿನ ಮೈಯ ಕಾವೂ ಸೇರಿ ಒಳಗಿನ ಉಷ್ಣತೆ ಹೊರಗಿಗಿಂತ ಬೇಗ ಏರುತ್ತದೆ. ಕೂಸಿನ ಮುಖವೂ ನಮಗೆ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಎಳೆ ಮಕ್ಕಳ ಹಠಾತ್ ಸಾವನ್ನು ತಡೆಯಲು ದುಡಿಯುವ ಲಲಬೈ ಟ್ರಸ್ಟ್ ಕೂಡ ಇದರ ವಿರುದ್ಧ ಎಚ್ಚರಿಸುತ್ತದೆ. ಕೊಳ್ಳುವಾಗಲೇ ಮೊಣಕಾಲವರೆಗೆ ಬರುವ ದೊಡ್ಡ ಕೊಡೆ, ಬೆನ್ನಿನ ಹಿಂದೆ ಜಾಳಿಗೆಯ ಕಿಟಕಿ ಇರುವ ಗಾಡಿಯನ್ನೇ ಆರಿಸಿಕೊಂಡರೆ ಹೊದಿಕೆಯ ಅಗತ್ಯ ಬೀಳುವುದಿಲ್ಲ. ಬಿಸಿಲಲ್ಲಿ ನಿಂತ ಗಾಡಿಯ ಕಬ್ಬಿಣ ಮತ್ತು ಬಕಲ್‌ಗಳನ್ನು ಅಂಗೈಯಿಂದ ಮುಟ್ಟಿ ನೋಡಿದ ಮೇಲೆಯೇ ಕೂಸನ್ನು ಕೂರಿಸಬೇಕು.

ನಾವು ಕೊನೆಗೆ ಕೊಂಡದ್ದು 6 ಕಿಲೋ 400 ಗ್ರಾಂ ತೂಗುವ, ಮೂರು ಮಡಿಕೆಯ ಗಾಡಿ. ಬೆಲೆ ಒಂಬತ್ತು ಸಾವಿರದ ಹತ್ತಿರ. ಹಿಡಿಕೆಯ ನಡುವಿನ ಎರಡು ಗುಂಡಿಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒತ್ತಿ ಮುಂದಕ್ಕೆ ದೂಡಿದರೆ ಅದು ಮೊದಲು ಸೊಂಟ ಮುರಿದಂತೆ ಬಾಗಿ, ನಂತರ ಕಾಲುಗಳನ್ನು ಒಳಕ್ಕೆ ಸೆಳೆದುಕೊಂಡು ತಾನೇ ನಿಲ್ಲುತ್ತದೆ. ಹೆಗಲಿಗೆ ಹಾಕುವ ಪಟ್ಟಿ ಇದೆ. ಆಟೋದಲ್ಲಿ ಸೀಟಿನ ಹಿಂದಿನ ಜಾಗದಲ್ಲಿ ನಿಲ್ಲುತ್ತದೆ, ಬಸ್ಸಿನಲ್ಲಿ ಕಾಲುಗಳ ನಡುವೆ. ಇದರ ಕೊರತೆಯೆಂದರೆ ಬುಟ್ಟಿ ಬಹಳ ಚಿಕ್ಕದು, ಮಳೆಗಾಲದಲ್ಲಿ ಎರೆಮಣ್ಣು ಮುಂದಿನ ಚಕ್ರದ ಕವೆಯಲ್ಲಿ ಮೆತ್ತಿಕೊಂಡು ಒಣಗಿ ಇಟ್ಟಿಗೆಯಂತಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೆನೆಸಿ ತಿಕ್ಕಿ, ಅಚ್ಚಿಗೆ ಸುತ್ತಿಕೊಂಡ ಕೂದಲು ಮತ್ತು ದಾರಗಳನ್ನು ಕತ್ತರಿಯಿಂದ ತೆಗೆಯುತ್ತೇನೆ. ಕೊಬ್ಬರಿ ಎಣ್ಣೆ ಹಾಕುವುದಿಲ್ಲ, ಅದಕ್ಕೆ ಧೂಳು ಅಂಟುತ್ತದೆ.

ಕಳೆದ ವಾರ ಬಾದಾಮಿಗೆ ಹೋಗಿದ್ದೆವು. ಮೇಣಬಸದಿಗಳ ಮೆಟ್ಟಿಲ ಬುಡದಲ್ಲಿ ಮಗಳು ನಿದ್ದೆಯಲ್ಲಿದ್ದಳು. ಅವಳನ್ನು ಎತ್ತಿ ಹೆಗಲಿಗೆ ಒರಗಿಸಿಕೊಂಡು, ಬಲಗೈಯಲ್ಲಿ ಗಾಡಿ ಮಡಚಿ ಪಟ್ಟಿಯನ್ನು ಇನ್ನೊಂದು ಹೆಗಲಿಗೆ ಏರಿಸಿ, ಹದಿನೆಂಟು ಕೈಗಳ ನಟರಾಜನಿರುವ ಮೊದಲನೆಯ ಗುಹೆಯವರೆಗೆ ಯಾರ ಸಹಾಯವೂ ಇಲ್ಲದೆ ಹತ್ತಿದೆ. ಜನವರಿಯ ಸುಮಾರಿಗೆ ಬನಶಂಕರಿ ಜಾತ್ರೆ ಇದೆ. ಆ ಜನಸಂದಣಿಯಲ್ಲಿ ಯಾವ ಗಾಡಿಯೂ ಪ್ರಯೋಜನಕ್ಕೆ ಬರುವುದಿಲ್ಲ. ಅಂದು ಅದನ್ನು ಮನೆಯಲ್ಲಿಯೇ ಬಿಟ್ಟು, ಮಗಳನ್ನು ಮೈಗೆ ಕಟ್ಟಿಕೊಂಡು ಹೋಗುತ್ತೇನೆ.