ಗೆಳೆಯನ ಫೋನ್ ಸಮುದ್ರಕ್ಕೆ ಬಿತ್ತು, ದುಡ್ಡು ಕೊಡಬೇಕೇ?

ಉಡುಪಿಯ ಒಂದು ಓಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಳೆಗಾಲ ಮುಗಿದು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಹೊರಡತೊಡಗಿದವೆಂದರೆ ಉಪ್ಪುನೀರು ಕುಡಿದ ಫೋನುಗಳು ನನ್ನ ಮೇಜಿನ ಮೇಲೆ ಸಾಲಾಗಿ ಮಲಗುತ್ತವೆ. ತಂದವರಲ್ಲಿ ಕೆಲವರು ಮೇಜಿನತ್ತ ಬಾಗಿ, ದನಿ ತಗ್ಗಿಸಿ ಕೇಳುತ್ತಾರೆ: “ಅಣ್ಣಾ, ಇದು ನನ್ನದಲ್ಲ, ಗೆಳೆಯನದು. ಬೇಕೆಂದು ಬೀಳಿಸಿದ್ದಲ್ಲ. ದುಡ್ಡು ನಾನೇ ಕೊಡಬೇಕೇ?” ರಿಪೇರಿಯವನನ್ನು ಇದನ್ನೇಕೆ ಕೇಳುತ್ತಾರೋ. ಬಹುಶಃ ಆ ಹೊತ್ತಿಗೆ ವಿಷಯ ಗೊತ್ತಿರುವ ಹೊರಗಿನವನು ನಾನೊಬ್ಬನೇ.

ನನ್ನ ಉತ್ತರ ಇಷ್ಟು. ರಿಪೇರಿಯ ಖರ್ಚು ಕೊಡಿ. ಹೊಸ ಫೋನಿನ ಬೆಲೆ ಕೊಡಬೇಕಾಗಿಲ್ಲ. “ಕೊಡಲೇ?” ಎಂದು ಗೆಳೆಯನನ್ನು ಕೇಳಲೇಬೇಡಿ. ಇದರಲ್ಲಿ ನನ್ನ ವ್ಯಾಪಾರವೂ ಅಡಗಿದೆ ಎಂದು ನೀವು ನಗಬಹುದು. ಅಡಗಿದೆ, ಇಲ್ಲವೆನ್ನುವುದಿಲ್ಲ.

ಕಾನೂನು ಏನೆನ್ನುತ್ತದೆ ಎಂದು ಅಂಗಡಿಗೆ ಬರುವ ವಕೀಲರೊಬ್ಬರನ್ನು ಒಮ್ಮೆ ಕೇಳಿದ್ದೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆಯಂತೆ. ಇನ್ನೊಬ್ಬರ ವಸ್ತುವನ್ನು ಪಡೆದವನು, ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಬೇಕು ಎನ್ನುತ್ತದೆ 151ನೇ ಕಲಮು. ಬೇರೆ ಮಾತುಕತೆ ಆಗಿರದಿದ್ದರೆ, ಅಷ್ಟು ಜಾಗ್ರತೆ ವಹಿಸಿಯೂ ಹಾಳಾದರೆ ಅವನು ಹೊಣೆಯಲ್ಲ ಎನ್ನುತ್ತದೆ 152. ನನಗೆ ಹಿಡಿಸಿದ್ದು 154ರ ಕೆಳಗೆ ಕೊಟ್ಟಿರುವ ಕುದುರೆಯ ಉದಾಹರಣೆ. ಒಬ್ಬ ತನ್ನ ಕುದುರೆಯನ್ನು ಇನ್ನೊಬ್ಬನಿಗೆ, ಅವನೊಬ್ಬನ ಸವಾರಿಗೆಂದು ಕೊಡುತ್ತಾನೆ. ಪಡೆದವನು ತನ್ನ ಮನೆಯವರೊಬ್ಬರನ್ನು ಅದರ ಮೇಲೆ ಹತ್ತಿಸುತ್ತಾನೆ. ಹತ್ತಿದವರು ಜಾಗ್ರತೆಯಿಂದಲೇ ಓಡಿಸಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಳ್ಳುತ್ತದೆ. ನಷ್ಟ ತುಂಬಿಕೊಡಬೇಕಾದವನು ಕುದುರೆ ಪಡೆದವನೇ. ಫೋಟೊ ತೆಗೆಯಲೆಂದು ಪಡೆದ ಫೋನನ್ನು ಅಳುವ ಮಗುವಿನ ಕೈಗೆ ಕೊಡುವವರು ಈ ಕುದುರೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ನನ್ನ ಮೇಜಿನ ಮೇಲೆ ಬರುವ ಫೋನುಗಳಲ್ಲಿ ಆ ‘ಜಾಗ್ರತೆ’ ತಪ್ಪಿರುವುದು ಹೆಚ್ಚಾಗಿ ಬಿದ್ದಾಗ ಅಲ್ಲ, ಬಿದ್ದ ಮೇಲೆ. ಸಮುದ್ರದ ನೀರು ಆರಿದರೂ ಉಪ್ಪು ಬೋರ್ಡಿನ ಮೇಲೆಯೇ ಕೂತಿರುತ್ತದೆ. ಅದರ ಮೇಲೆ ಕರೆಂಟು ಹರಿದರೆ ತಾಮ್ರದ ಗೆರೆಗಳು ಹಸಿರು ಕಿಲುಬು ಹಿಡಿದು ಸವೆಯುತ್ತವೆ. ತಕ್ಷಣ ಆಫ್ ಮಾಡಿ, ಬಿಚ್ಚಿಸಿ, ತೊಳೆಸಿದರೆ ಎಷ್ಟೋ ಫೋನುಗಳು ಬದುಕುತ್ತವೆ. ಜನ ಮಾಡುವುದೇ ಬೇರೆ. ಗೆಳೆಯನಿಗೆ ಗೊತ್ತಾಗುವ ಮೊದಲು ಸರಿಯಾಗಲಿ ಎಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಮೂರು ದಿನ ಬಿಟ್ಟು ಚಾರ್ಜಿಗೆ ಹಾಕುತ್ತಾರೆ. ಅಕ್ಕಿಗೆ ಉಪ್ಪನ್ನು ತೆಗೆಯುವ ವಿದ್ಯೆ ಗೊತ್ತಿಲ್ಲ. ನೀರು ತಡೆಯುತ್ತದೆ ಎನ್ನುವ ಐಪಿ68 ಗುರುತು ಫೋನಿಗಿದೆಯಲ್ಲ ಎಂದು ವಾದಿಸುವವರಿದ್ದಾರೆ. ಆ ಪರೀಕ್ಷೆ ಸಿಹಿನೀರಿನದು, ಅರಬ್ಬೀ ಸಮುದ್ರದ್ದಲ್ಲ. ಬಿದ್ದದ್ದು ಆಕಸ್ಮಿಕ ಎಂದರೆ ಒಪ್ಪುತ್ತೇನೆ. ಮುಚ್ಚಿಟ್ಟು ಚಾರ್ಜಿಗೆ ಹಾಕಿದ್ದನ್ನು ಆಕಸ್ಮಿಕ ಎಂದು ಹೇಗೆ ಒಪ್ಪಲಿ?

ಹೊಸತರ ಬೆಲೆ ಬೇಡ ಎಂದೆನಲ್ಲ, ಏಕೆಂದರೆ ಬಿದ್ದದ್ದು ಹಳೆಯ ಫೋನು. ನಾಲ್ಕು ವರ್ಷ ಬಳಸಿದ ಫೋನಿಗೆ ಇಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎಷ್ಟು ಸಿಗುತ್ತದೋ ಅದೇ ಮಿತಿ. ರಿಪೇರಿ ಅದಕ್ಕಿಂತ ದುಬಾರಿಯಾದರೆ ಆ ಮೊತ್ತ ಕೊಟ್ಟರೆ ಸಾಕು. ಮೊದಲೇ ಬ್ಯಾಟರಿ ಉಬ್ಬಿದ್ದನ್ನು ಹೇಳದೆ ಫೋನ್ ಕೊಟ್ಟ ಗೆಳೆಯರೂ ಇದ್ದಾರೆ, ಅವರು ಸುಮ್ಮನಿರಲಿ.

ಇನ್ನು ಕೇಳಬೇಡಿ ಎಂದದ್ದು. ಇದನ್ನು ನಾನು ಕಲಿತದ್ದು ಫೋನಿನಿಂದಲ್ಲ, ಸ್ಕೂಟರಿನಿಂದ. ಒಂದು ಜೂನ್ ತಿಂಗಳಲ್ಲಿ ಗೆಳೆಯನ ಸ್ಕೂಟರ್ ಪಡೆದು ಕಾರ್ಕಳಕ್ಕೆ ಮದುವೆಗೆ ಹೋಗಿದ್ದೆ. ಹಿಂದಿರುಗುವಾಗ ರಸ್ತೆಗೆ ಹರಿದು ಬಂದಿದ್ದ ಕೆಂಪು ಮಣ್ಣಿನಲ್ಲಿ ಜಾರಿದೆ. ಕನ್ನಡಿ, ಹೆಡ್‌ಲೈಟ್, ಮುಂದಿನ ಮಡ್‌ಗಾರ್ಡ್ ಮೂರೂ ಹೋದವು. “ಎಷ್ಟಾಗುತ್ತದೆ ಹೇಳು, ಕೊಡುತ್ತೇನೆ” ಎಂದೆ. “ಬೇಡ ಮಾರಾಯ, ನಿನಗೆ ಪೆಟ್ಟಾಗಲಿಲ್ಲವಲ್ಲ, ಅದು ಸಾಕು” ಎಂದ. ನನಗೆ ಹಾಯೆನಿಸಿತು. ಎಂಥ ದೊಡ್ಡ ಮನಸ್ಸು ಎಂದು ಮನೆಯಲ್ಲೂ ಹೊಗಳಿದೆ.

ನಮ್ಮೂರಿನ ಊಟದ ಪಂಕ್ತಿಯಲ್ಲಿ ಕೂತವನಿಗೆ ಅಷ್ಟೂ ತಿಳಿಯಬಾರದೇ? ಪಾಯಸ ಬಂದಾಗ ಎಲ್ಲರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು “ಬೇಡ, ಬೇಡ” ಎನ್ನುತ್ತಾರೆ. ಬಡಿಸುವವರು ಅದನ್ನು ನಂಬಿ ಮುಂದೆ ಹೋದರೆ ಮುಖ ಹೇಗಾಗುತ್ತದೆ ನೋಡಿ. ಮುಂದೆ ಎರಡು ಸಲ ಸ್ಕೂಟರ್ ಕೇಳಿದಾಗ ಗೆಳೆಯ “ಬ್ರೇಕ್ ಸರಿಯಿಲ್ಲ” ಎಂದ. ಸ್ಕೂಟರ್ ದಿನಾ ನನ್ನ ಅಂಗಡಿಯ ಮುಂದೆಯೇ ಓಡಾಡುತ್ತಿತ್ತು. ಬಿಟ್ಟ ಬ್ರೇಕು ನನ್ನೊಬ್ಬನಿಗೆ ಮಾತ್ರ ಎಂದು ಅರ್ಥವಾಗಲು ಎಂಟು ತಿಂಗಳು ಬೇಕಾಯಿತು. ಕೊನೆಗೆ ಅವನು ಸರ್ವೀಸಿಗೆ ಬಿಟ್ಟಿದ್ದ ದಿನ ನಾನೇ ಗ್ಯಾರೇಜಿಗೆ ಹೋಗಿ, ಹಳೆಯ ಲೆಕ್ಕವನ್ನೂ ಕೇಳಿ, ಎರಡನ್ನೂ ಕಟ್ಟಿ ಬಂದೆ. ಅವನು ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ನಮ್ಮ ಮನೆಗೆ ಬಂದು ಏಣಿ ಕೇಳಿ ಒಯ್ದ.

ಮೊನ್ನೆ ಶನಿವಾರ ಮಣಿಪಾಲದ ಒಬ್ಬ ವಿದ್ಯಾರ್ಥಿ ಬಂದಿದ್ದ. ರೂಮಿನ ಗೆಳೆಯನ ಫೋನು, ಇನ್ನೂ ಮರಳು ಅಂಟಿಕೊಂಡಿತ್ತು. ಬಿದ್ದು ಎರಡು ಗಂಟೆಯಾಗಿದೆ, ಆಫ್ ಮಾಡಿದ್ದೇನೆ ಎಂದ. ಬದುಕಬಹುದು ಎಂದೆ. ಗೆಳೆಯನಿಗೆ ಹೇಳಿದೆಯಾ ಎಂದರೆ ತಲೆ ತಗ್ಗಿಸಿದ. ಅವನ ಸ್ವಂತ ಫೋನೂ ಅದೇ ಚೀಲದಲ್ಲಿ ನೆನೆದಿತ್ತು. “ಗೆಳೆಯ ರೂಮಿನಲ್ಲಿದ್ದಾನಾ? ಹಾಗಾದರೆ ಅಲ್ಲಿ ಯಾರಿಗಾದರೂ ಫೋನ್ ಮಾಡಿ ಅವನನ್ನು ಕರೆಸು” ಎಂದು ನನ್ನ ಫೋನನ್ನೇ ಕೊಟ್ಟೆ. ಅವನು ಅದನ್ನು ಎರಡೂ ಕೈಗಳಿಂದ ಹಿಡಿದುಕೊಂಡ.