ವರ್ಷಕ್ಕೊಂದು ಕಾಂಡ
ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿರುವ 'ಅಬೊರಿಜಿನಲ್ ಮೆಮೋರಿಯಲ್', ಅಂದರೆ ಅಲ್ಲಿನ ಮೂಲನಿವಾಸಿಗಳ ಸ್ಮಾರಕ, ಕೊನೆಗೂ ನೋಡಿದೆ. ಫೋಟೋದಲ್ಲಿ ಸುಮ್ನೆ ಬಣ್ಣ ಬಳಿದ ಕಂಬಗಳ ಗುಂಪಿನ ಹಾಗೆ ಕಾಣುತ್ತೆ. ನಡುವೆ ನಡೆದರೆ ಬೇರೆಯೇ.

ಒಟ್ಟು 200 ಮರದ ಕಾಂಡಗಳು. ಎಲ್ಲವೂ ಗೆದ್ದಲು ತಿಂದು ಟೊಳ್ಳಾದವು. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನಲ್ಲಿ ಸತ್ತವರ ಮೂಳೆಗಳನ್ನು ಇಂಥ ಕಾಂಡದೊಳಗೆ ಇಡುವುದು ಹಳೆಯ ಪದ್ಧತಿ. 1988ರಲ್ಲಿ, ಬ್ರಿಟಿಷರು ಬಂದಿಳಿದು 200 ವರ್ಷ ಆಯಿತು ಅಂತ ದೇಶ ಹಬ್ಬ ಮಾಡುತ್ತಿತ್ತು. ಅದೇ ಹೊತ್ತಿಗೆ ಆರ್ನೆಮ್ ಲ್ಯಾಂಡ್‌ನ ರಾಮಿಂಗಿನಿಂಗ್ ಊರಿನ ಕಡೆಯ 43 ಮೂಲನಿವಾಸಿ ಕಲಾವಿದರು, ಆ 200 ವರ್ಷಗಳಲ್ಲಿ ಒಂದೊಂದು ವರ್ಷಕ್ಕೂ ಒಂದರಂತೆ, ಈ ಕಾಂಡಗಳನ್ನು ನಿಲ್ಲಿಸಿದರು. ತಮ್ಮ ನೆಲ ಕಾಯಲು ಹೋಗಿ ಸತ್ತು, ಸರಿಯಾದ ಉತ್ತರಕ್ರಿಯೆಯೂ ಸಿಗದವರಿಗಾಗಿ. ಹಬ್ಬಕ್ಕೆ ಇದಕ್ಕಿಂತ ಖಡಕ್ ಉತ್ತರ ಬೇಕಾ?

ಹತ್ತಿರ ಹೋದರೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದರ ಮೇಲೊಂದು ಅಡ್ಡಡ್ಡ. ಬಿಳಿ, ಹಳದಿ, ಕೆಂಪು ಮಣ್ಣಿನ ಬಣ್ಣ. ಕೆಲವು ಕಾಂಡಗಳ ಮೇಲ್ಭಾಗದಲ್ಲಿ ಪುಟ್ಟ ತೂತು. ಸತ್ತವರ ಆತ್ಮ ತನ್ನ ನೆಲವನ್ನು ನೋಡಲಿ ಅಂತ.

ಕಾಂಡಗಳ ಮಧ್ಯದ ದಾರಿ ಅಂದರೆ ಆ ಕಲಾವಿದರ ಊರಿನ ಗ್ಲೈಡ್ ನದಿ. ಯಾವ ಕುಲದವರ ನೆಲ ನದಿಯ ಯಾವ ಕಡೆ ಇದೆಯೋ, ಅವರ ಕಾಂಡಗಳೂ ಸರಿಸುಮಾರು ಅಲ್ಲೇ. ಅಂದರೆ ಇದು ಸ್ಮಾರಕವೂ ಹೌದು, ನಕ್ಷೆಯೂ ಹೌದು. ಇತಿಹಾಸ ಅಂದರೆ ಇಸವಿ ಅಂತ ಓದಿ ಬೆಳೆದವಳು ನಾನು. ಇವರು ಮೊದಲು ಕೇಳೋದು 'ಯಾವ ಜಾಗ' ಅಂತ ಅನ್ನಿಸಿತು.

ಆ ಕಡೆ ಹೋಗೋರಿದ್ದರೆ ನೋಡಿ ಬನ್ನಿ. ಇದನ್ನು ನೋಡೋಕೆ ಟಿಕೆಟ್ ಇಲ್ಲ.